ಹೊಸ ಖಡ್ಗದ ಮೊದಲ ಪೆಟ್ಟು: ಜೈನ ಪುರಾಣ–ಶಾಸನಗಳಲ್ಲಿ ಅಸಿಗ್ರಹಣ ಪ್ರಸಂಗಗಳ ವಿಮರ್ಶೆ

ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಜೈನ ವಾಙ್ಮಯದಲ್ಲಿ ಖಡ್ಗಕ್ಕೆ ಸಂಬಂಧಿಸಿದ ಪ್ರಸಂಗಗಳು ವಿರಳವಾಗಿಲ್ಲ. ಆದಿತೀರ್ಥಂಕರನು ಪ್ರಜೆಗಳ ಜೀವನಕ್ಕಾಗಿ ಉಪದೇಶಿಸಿದ ಷಟ್ಕರ್ಮಗಳಲ್ಲಿ ಮೊದಲು ಎಣಿಕೆಯಾಗುವುದು ಅಸಿ. ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳು ಅದರ ಅನಂತರ. ಆದರೆ ಶ್ರಾವಕಾಚಾರ ಗ್ರಂಥಗಳನ್ನು ತೆರೆದರೆ, ಕೃಪಾಣಾದಿ ಹಿಂಸೋಪಕರಣಗಳನ್ನು ಇನ್ನೊಬ್ಬರಿಗೆ ಕೊಡುವುದು ‘ಹಿಂಸಾದಾನ’ವೆಂಬ ಅನರ್ಥದಂಡವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ವಿಧಿಸುತ್ತದೆ. ಈ ಎರಡು ವಚನಗಳ ನಡುವೆ ನಿಂತಿರುವ ಪ್ರಶ್ನೆ ಒಂದೇ: ಖಡ್ಗವು ಒಬ್ಬನ ಕೈಗೆ ಹೊಸದಾಗಿ ಬಂದಾಗ, ಅದು ಅವನದಾಗುವುದು ಹೇಗೆ? ಅದರಿಂದ ಅವನು ಏನಾಗುತ್ತಾನೆ? ಪುರಾಣಕಾರರೂ ಶಾಸನಕವಿಗಳೂ ಈ ಪ್ರಶ್ನೆಯನ್ನು ಸೂತ್ರರೂಪದಲ್ಲಿ ಎತ್ತಿಲ್ಲ, ಕಥಾರೂಪದಲ್ಲಿ ಎತ್ತಿದ್ದಾರೆ. ಆ ಕಥೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

1. ಹೆಸರು ಮತ್ತು ಪದ

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭರತಚಕ್ರವರ್ತಿಯ ಆಯುಧಗಳಿಗೆಲ್ಲ ಪ್ರತ್ಯೇಕ ನಾಮಧೇಯಗಳಿವೆ. ಚಕ್ರ ಸುದರ್ಶನ, ಬಿಲ್ಲು ವಜ್ರಕಾಂಡ, ರಥ ಅಜಿತಂಜಯ, ಖಡ್ಗ ಸೌನಂದಕ. ಹೆಸರಿಡುವುದು ವಸ್ತುವನ್ನು ತನ್ನದಾಗಿಸಿಕೊಳ್ಳುವ ಮೊದಲ ಹೆಜ್ಜೆ. ಹೆಸರುಳ್ಳ ಆಯುಧ ಶಸ್ತ್ರಾಗಾರದ ನೂರರಲ್ಲಿ ಒಂದಾಗಿ ಉಳಿಯುವುದಿಲ್ಲ. ಆದರೆ ಅದೇ ಪುರಾಣ ಈ ಒಡೆತನದ ಮಿತಿಯನ್ನೂ ತೋರಿಸುತ್ತದೆ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಬಾಹುಬಲಿಯ ಮೇಲೆ ಪ್ರಯೋಗಿಸಿದಾಗ ಅವನಿಗೆ ಪ್ರದಕ್ಷಿಣೆ ಬಂದು ಸುಮ್ಮನಾಗುತ್ತದೆ. ಹೆಸರಿಟ್ಟವನ ಕೋಪಕ್ಕೆ ಹೆಸರು ಹೊತ್ತ ಆಯುಧ ಒಳಪಡಲಿಲ್ಲ. 941ರ ಸುಮಾರಿಗೆ ಪಂಪನು ಈ ಸನ್ನಿವೇಶವನ್ನು ಕನ್ನಡಕ್ಕೆ ತಂದಾಗ ಅದು ಕಾವ್ಯದ ಕೇಂದ್ರವೇ ಆಯಿತು.

ಕನ್ನಡ ಪದದ ವಿಷಯದಲ್ಲಿ ಹಸ್ತಪ್ರತಿ ಸಂಪಾದಕರು ಗಮನಿಸತಕ್ಕ ಒಂದು ಅಂಶವುಂಟು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ. ‘ಬಾೞ್’ ಎಂದರೆ ಜೀವಿಸು, ಜೀವನ. ಒಂದು ಕುಳ, ಇನ್ನೊಂದು ರಳ. ತಮಿಳಿನಲ್ಲಿ ಈ ಭೇದ ಇಂದಿಗೂ ಉಳಿದಿದೆ. ಕನ್ನಡದಲ್ಲಿ ರಳ ಬಳಕೆ ತಪ್ಪಿದ ಮೇಲೆ ಲಿಪಿಕಾರರು ಎರಡನ್ನೂ ಳಕಾರದಿಂದಲೇ ಬರೆದರು. ಖಡ್ಗಕ್ಕೂ ಬದುಕಿಗೂ ಬರಹದಲ್ಲಿ ಒಂದೇ ರೂಪವಾಯಿತು. ಇದನ್ನು ಹಿಡಿದು ‘ಬಾಳೇ ಬಾಳು’ ಎಂದು ಚಮತ್ಕಾರವಾಗಿ ವ್ಯಾಖ್ಯಾನಿಸುವುದು ಸುಲಭ. ಆದರೆ ಪ್ರಾಚೀನ ಕವಿಗೆ ಅವು ಬೇರೆ ಬೇರೆ ಶಬ್ದಗಳೆಂಬುದನ್ನು ಮರೆಯಬಾರದು. ಪಾಠನಿರ್ಣಯದಲ್ಲಿ ಪ್ರಾಸವೂ ಪ್ರಕರಣವೂ ಸಾಕ್ಷಿಯಾಗಬೇಕು.

ಲೋಕರೂಢಿಯಲ್ಲಿ ಯೋಧನಿಗೂ ಖಡ್ಗಕ್ಕೂ ಇದ್ದ ನಂಟಿಗೆ ಶಾಸನಗಳೇ ಆಧಾರ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು, ತಕ್ಕೋಲದ ಕಾಳಗದ ಅನಂತರ ಗಂಗ ಬೂತುಗನು ಮಣಲೆರನಿಗೆ ಕೊಟ್ಟ ಭೂಮಿಯನ್ನು ‘ಬಾಳ್ಗಚ್ಚು’ ಎಂದು ಕರೆಯುತ್ತದೆ. ಕರ್ಚು ಎಂದರೆ ತೊಳೆ. ಬಾಳನ್ನು ತೊಳೆದ ದತ್ತಿಯೆಂದು ವಿದ್ವಾಂಸರು ಅರ್ಥೈಸಿದ್ದಾರೆ. ಖಡ್ಗದ ರಕ್ತ ತೊಳೆದ ಮೇಲೆಯೇ ಯೋಧನ ಕೆಲಸ ಮುಗಿಯಿತೆಂಬ ಭಾವ ಆ ಪದದಲ್ಲಿದೆ. ಇದು ಖಡ್ಗದ ಕಥೆಯ ಕೊನೆ. ಜೈನ ಗ್ರಂಥಕಾರರು ಹೆಚ್ಚಾಗಿ ನಿಲ್ಲುವುದು ಅದರ ಮೊದಲಲ್ಲಿ.

2. ಸೂರ್ಯಹಾಸ

ಹೊಸ ಖಡ್ಗವೊಂದರ ಜನನ, ಗ್ರಹಣ, ಪರೀಕ್ಷೆಗಳನ್ನು ಸಾಂಗವಾಗಿ ಹೇಳುವ ಪ್ರಸಂಗ ಜೈನ ರಾಮಾಯಣದ ಶಂಬೂಕೋಪಾಖ್ಯಾನ. ವಿಮಲಸೂರಿಯ ಪಉಮಚರಿಯ, ರವಿಷೇಣಾಚಾರ್ಯರ ಪದ್ಮಪುರಾಣ (ಸು. 677) ಇವುಗಳ ಧಾರೆಯನ್ನು ಅನುಸರಿಸಿ ನಾಗಚಂದ್ರನು ರಾಮಚಂದ್ರಚರಿತಪುರಾಣವನ್ನು ರಚಿಸಿದನು. ಗುಣಭದ್ರರ ಉತ್ತರಪುರಾಣದ ಧಾರೆಯಲ್ಲಿ ವನವಾಸವೇ ಇಲ್ಲದ್ದರಿಂದ ಈ ಪ್ರಸಂಗಕ್ಕೂ ಅಲ್ಲಿ ಎಡೆಯಿಲ್ಲ. ಆದ್ದರಿಂದ ಇದನ್ನು ವಿಮಲಸೂರಿ ಪರಂಪರೆಯ ವಿಶಿಷ್ಟ ಕಲ್ಪನೆಯೆಂದೇ ಪರಿಗಣಿಸಬೇಕು.

ಕಥೆ ವಿದ್ವಾಂಸರಿಗೆ ತಿಳಿದದ್ದೇ. ರಾವಣನ ತಂಗಿ ಚಂದ್ರನಖಿ, ಅವಳ ಪತಿ ಖರದೂಷಣ. ಇವರ ಮಗ ಶಂಬೂಕ. ಅವನು ಸೂರ್ಯಹಾಸವೆಂಬ ಖಡ್ಗವನ್ನು ಸಾಧಿಸಲು ದಂಡಕಾರಣ್ಯದ ಬಿದಿರು ಮೆಳೆಯೊಳಗೆ ಹನ್ನೆರಡು ವರ್ಷ ವ್ರತನಿಷ್ಠನಾಗಿರುತ್ತಾನೆ. ಖಡ್ಗ ಪ್ರಕಟವಾಗುತ್ತದೆ, ಆದರೆ ಸಾಧಕನ ಕೈಗೆ ಸೇರುವ ಮೊದಲೇ ಅಲ್ಲಿಗೆ ಲಕ್ಷ್ಮಣ ಬರುತ್ತಾನೆ. ಹೊಳೆಯುವ ಖಡ್ಗವನ್ನು ಕಂಡು ಕೈಗೆತ್ತಿಕೊಳ್ಳುತ್ತಾನೆ. ಅದರ ಹರಿತವನ್ನು ನೋಡಲು ಎದುರಿಗಿದ್ದ ಬಿದಿರು ಮೆಳೆಗೆ ಬೀಸುತ್ತಾನೆ. ಬಿದಿರಿನೊಂದಿಗೆ ಶಂಬೂಕನ ತಲೆಯೂ ಉರುಳುತ್ತದೆ. ಚಂದ್ರನಖಿಯ ಶೋಕ, ಅವಳ ಅಪೇಕ್ಷೆ, ತಿರಸ್ಕಾರ, ಖರದೂಷಣನ ಯುದ್ಧ, ರಾವಣನ ಆಗಮನ, ಸೀತಾಪಹರಣ ಎಲ್ಲವೂ ಈ ಒಂದು ಬೀಸಿನ ಪರಿಣಾಮ.

ವಾಲ್ಮೀಕಿಯ ಉತ್ತರಕಾಂಡದಲ್ಲಿಯೂ ಶಂಬೂಕನೆಂಬ ತಪಸ್ವಿಯ ಶಿರಶ್ಛೇದವಿದೆ. ಅಲ್ಲಿ ಕೊಲ್ಲುವವನು ರಾಮ; ಯಾರೆಂದು ಕೇಳಿ, ತಿಳಿದು, ರಾಜಧರ್ಮವೆಂದು ನಿಶ್ಚಯಿಸಿ ಕೊಲ್ಲುತ್ತಾನೆ. ಜೈನಕವಿಗಳು ಹೆಸರನ್ನೂ ತಪಸ್ಸನ್ನೂ ಖಡ್ಗವನ್ನೂ ಉಳಿಸಿಕೊಂಡು ಮಿಕ್ಕುದನ್ನೆಲ್ಲ ತಿರುಗಿಸಿದ್ದಾರೆ: ರಾಮನ ಕೈ ನಿಷ್ಕಳಂಕವಾಯಿತು, ಕೊಂದವನಿಗೆ ಕೊಲ್ಲುವ ಸಂಕಲ್ಪವೇ ಇರಲಿಲ್ಲ. ಇದರಿಂದ ಲಕ್ಷ್ಮಣನು ನಿರ್ದೋಷಿಯಾದನೆಂದು ಕೆಲವರು ಭಾವಿಸುವುದುಂಟು. ಈ ಅಭಿಪ್ರಾಯ ಆಗಮಸಮ್ಮತವಲ್ಲ. ತತ್ತ್ವಾರ್ಥಸೂತ್ರ ಹಿಂಸೆಯನ್ನು ನಿರ್ವಚಿಸುವಾಗ ಪ್ರಮತ್ತಯೋಗವನ್ನು ಹೇತುವಾಗಿ ಇಡುತ್ತದೆ. ಕೊಲ್ಲುವ ಇಚ್ಛೆ ಇಲ್ಲದಿದ್ದರೂ ಅಜಾಗರೂಕತೆಯೇ ಸಾಕು. ಮೇಲಾಗಿ, ಪ್ರಯೋಜನವಿಲ್ಲದೆ ವನಸ್ಪತಿಯನ್ನು ಕಡಿಯುವುದನ್ನು ರತ್ನಕರಂಡಕ ‘ಪ್ರಮಾದಚರ್ಯೆ’ ಎಂಬ ಅನರ್ಥದಂಡದಲ್ಲಿ ಸ್ಪಷ್ಟವಾಗಿ ಸೇರಿಸಿದೆ. ಬಿದಿರಿನ ಹಿಂದೆ ಯಾರೂ ಇಲ್ಲದಿದ್ದರೂ ಲಕ್ಷ್ಮಣನ ಬೀಸು ದೋಷವೇ ಆಗುತ್ತಿತ್ತು. ಏಕೇಂದ್ರಿಯ ಜೀವದ ವಿಷಯದಲ್ಲಿ ತೋರಿದ ಅಲಕ್ಷ್ಯ ಪಂಚೇಂದ್ರಿಯ ಜೀವದ ವಧೆಯಾಗಿ ಪರಿಣಮಿಸಿತೆಂಬುದೇ ಕಥೆಯ ಬಂಧ. ಇಷ್ಟು ಹೊಂದಿಕೆಯಾಗಿ ಶ್ರಾವಕಾಚಾರದ ವಿಧಿಯನ್ನು ಘಟನೆಯಾಗಿಸಿದ ಪ್ರಸಂಗ ಪುರಾಣಗಳಲ್ಲಿ ಬೇರೆ ಸಿಗುವುದು ಕಷ್ಟ.

ಇನ್ನೊಂದು ಸೂಕ್ಷ್ಮವಿದೆ. ಖಡ್ಗದೊಡನೆ ಹನ್ನೆರಡು ವರ್ಷದ ಸಂಬಂಧವಿದ್ದದ್ದು ಶಂಬೂಕನಿಗೆ. ಲಕ್ಷ್ಮಣನಿಗೆ ಇದ್ದದ್ದು ಒಂದು ಕ್ಷಣದ ಕುತೂಹಲ. ತಪಸ್ಸಿನಿಂದ ಬಯಸಿದವನನ್ನೇ ಖಡ್ಗ ಕೊಂದಿತು. ಬಯಸದೆ ಬಂದವನ ಕೈಯಲ್ಲಿ ನಿಂತಿತು. ಲಕ್ಷ್ಮಣನು ಅರ್ಧಚಕ್ರಿಯಾದ ವಾಸುದೇವ. ಆಯುಧ ಅವನ ಪುಣ್ಯಕ್ಕೆ ಒಲಿಯುವುದು ಸಹಜವೆಂದು ಪುರಾಣದೃಷ್ಟಿ. ಆದರೆ ವಾಸುದೇವರು ಆಯುಷ್ಯಾಂತದಲ್ಲಿ ನರಕಗಾಮಿಗಳೆಂದೂ ಅದೇ ದೃಷ್ಟಿ ಹೇಳುತ್ತದೆ. ಖಡ್ಗ ಒಲಿದದ್ದು ಪುಣ್ಯಫಲ; ಒಲಿದ ಖಡ್ಗವನ್ನು ಬೀಸಿದ್ದು ಹೊಸ ಬಂಧ. 12ನೆಯ ಶತಮಾನದ ಹೇಮಚಂದ್ರಸೂರಿ ತನ್ನ ತ್ರಿಷಷ್ಟಿಶಲಾಕಾಪುರುಷಚರಿತೆಯಲ್ಲಿ, ಉರುಳಿದ ತಲೆಯನ್ನು ಕಂಡ ಲಕ್ಷ್ಮಣನು ಯುದ್ಧಕ್ಕೆ ನಿಲ್ಲದ ನಿರಾಯುಧನನ್ನು ಕೊಂದೆನೆಂದು ತನ್ನನ್ನು ತಾನೇ ನಿಂದಿಸಿಕೊಳ್ಳುವಂತೆ ಮಾಡಿದ್ದಾನೆ. ಈ ಆತ್ಮನಿಂದೆ ಪ್ರಸಂಗದ ಧರ್ಮಸಂಕಟವನ್ನು ಬಾಯಿಬಿಟ್ಟು ಹೇಳುತ್ತದೆ.

3. ಮಾರಿದತ್ತನ ಖಡ್ಗಾಕಾಂಕ್ಷೆ

959ರಲ್ಲಿ ಪೂರ್ಣಗೊಂಡ ಸೋಮದೇವಸೂರಿಯ ಯಶಸ್ತಿಲಕದಲ್ಲಿ ಮಾರಿದತ್ತನು ಚಂಡಮಾರಿಗೆ ಸಕಲ ಜೀವಿಗಳ ಜೋಡಿಗಳನ್ನು ಬಲಿಕೊಡಲು ಹೊರಡುವುದು ಒಂದು ಖಡ್ಗದ ಆಸೆಯಿಂದ. ವಿದ್ಯಾಧರಲೋಕವನ್ನು ಗೆಲ್ಲಬಲ್ಲ ಖಡ್ಗ ಸಿದ್ಧಿಸುವುದೆಂದು ವೀರಭೈರವನೆಂಬ ಕೌಲಗುರು ಅವನನ್ನು ನಂಬಿಸಿರುತ್ತಾನೆ. ಮನುಷ್ಯಯುಗ್ಮವನ್ನು ರಾಜನು ಸ್ವಹಸ್ತದಿಂದಲೇ ವಧಿಸಬೇಕೆಂಬುದು ಅದರ ನಿಯಮ. ವಾದಿರಾಜರ ಯಶೋಧರಚರಿತೆಯನ್ನು ಅನುಸರಿಸಿ 1209ರಲ್ಲಿ ಕಾವ್ಯ ರಚಿಸಿದ ಜನ್ನನಲ್ಲಿ ಈ ಖಡ್ಗಪ್ರಲೋಭನೆ ಇಲ್ಲ; ಬಲಿ ಅಲ್ಲಿ ಮಾರಿಯ ಜಾತ್ರೆಯ ವಾಡಿಕೆ. ಜನ್ನನ ಗುರಿ ಸಂಕಲ್ಪಹಿಂಸೆಯ ಭವಾವಳಿಯಾದ್ದರಿಂದ ಅವನ ಕಾವ್ಯಕ್ಕೆ ಇದರಿಂದ ಬಿಗಿ ಬಂದಿದೆ. ಆದರೆ ಸೋಮದೇವನ ಕಲ್ಪನೆಯಲ್ಲಿ ಅಡಗಿದ್ದ ಒಂದು ವಿವೇಕ ಕನ್ನಡ ಓದುಗನಿಗೆ ತಪ್ಪಿಹೋಯಿತು. ಇನ್ನೂ ಕೈಗೆ ಬಾರದ ಖಡ್ಗವೇ ಮನುಷ್ಯನನ್ನು ಕೊಲೆಗೆ ನಿಲ್ಲಿಸಬಲ್ಲುದು. ಆಯುಧದ ಆಸೆಯೇ ಅಪಧ್ಯಾನ. ಯುದ್ಧದಲ್ಲಿ ಶಸ್ತ್ರ ಹಿಡಿದು ಎದುರಾದವನ ಮೇಲೆ, ದೇಶಕ್ಕೆ ಕಂಟಕನಾದವನ ಮೇಲೆ ಮಾತ್ರ ರಾಜರು ಆಯುಧವೆತ್ತಬೇಕು, ದೀನರ ಮೇಲಲ್ಲ ಎಂಬ ನಿಯಮವನ್ನು ಅದೇ ಸೋಮದೇವನು ಹೇಳಿರುವುದನ್ನು ಇದರೊಡನೆ ಓದಿಕೊಳ್ಳಬೇಕು.

4. ಮಾಧವನ ಪೆಟ್ಟು

ಇಂದಿನ ಬೆಂಗಳೂರಿನ ಪೂರ್ವಭಾಗ, ಅಂದರೆ ಹಲಸೂರು, ವಿಮಾನಪುರ, ಕೃಷ್ಣರಾಜಪುರಗಳ ನೆಲ, ಪ್ರಾಚೀನ ಗಂಗವಾಡಿ ತೊಂಬತ್ತಾರು ಸಾಸಿರದೊಳಗಿನದು. ಅಲ್ಲಿಂದ ಮೂಡಲಿಗೆ ನಡೆದರೆ ಗಂಗರ ಕುವಲಾಲ, ಇಂದಿನ ಕೋಲಾರ. ಆ ವಂಶದ ಮೂಲಪುರುಷನು ಒಂದೇ ಪೆಟ್ಟಿಗೆ ಶಿಲಾಸ್ತಂಭವನ್ನು ತನ್ನ ಖಡ್ಗದಿಂದ ಕಡಿದನೆಂಬುದು ಗಂಗರ ತಾಮ್ರಪಟಗಳ ರೂಢಿಯ ವಿಶೇಷಣ. ಶಿವಮೊಗ್ಗ ತಾಲ್ಲೂಕಿನ ಕಲ್ಲೂರುಗುಡ್ಡದ ಶಾಸನ (ಶಕ 1043, ಕ್ರಿ.ಶ. 1121) ಇದನ್ನು ಪೂರ್ಣಕಥೆಯಾಗಿ ಹೇಳುತ್ತದೆ. ದಡಿಗ–ಮಾಧವರೆಂಬ ಸೋದರರು ಪೇರೂರಿನಲ್ಲಿ ಸಿಂಹನಂದ್ಯಾಚಾರ್ಯರನ್ನು ಕಾಣುತ್ತಾರೆ. ಪದ್ಮಾವತೀದೇವಿಯ ವರದಿಂದ ಖಡ್ಗವೂ ರಾಜ್ಯವೂ ದೊರೆಯುತ್ತವೆ. ಮುನಿ ನೋಡುತ್ತಿರುವಾಗಲೇ ಮಾಧವನು ಶಿಲಾಸ್ತಂಭಕ್ಕೆ ಹೊಡೆಯಲು ಅದು ಮುರಿದುಬೀಳುತ್ತದೆ. ಆಚಾರ್ಯರು ಕರ್ಣಿಕಾರ ಪುಷ್ಪದ ಪಟ್ಟ ಕಟ್ಟಿ, ಅಕ್ಷತೆಯಿಕ್ಕಿ, ತಮ್ಮ ನವಿಲುಗರಿಯ ಪಿಂಛವನ್ನೇ ಧ್ವಜವಾಗಿ ಕೊಡುತ್ತಾರೆ.

ಬಳಿಕ ಬರುವುದು ಕಟ್ಟಳೆ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನಕ್ಕೆ ಒಡಂಬಡದಿದ್ದರೆ, ಪರಸ್ತ್ರೀಯರನ್ನು ಅಪಹರಿಸಿದರೆ, ಮಧು–ಮಾಂಸ ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ಕಾಳಗದಲ್ಲಿ ಓಡಿದರೆ ನಿಮ್ಮ ಕುಲ ಕೆಡುವುದು ಎಂದು ಆಚಾರ್ಯರು ಎಚ್ಚರಿಸುತ್ತಾರೆ.

ಈ ಕಥೆಯನ್ನು ಸೂರ್ಯಹಾಸದ ಪಕ್ಕದಲ್ಲಿಟ್ಟಾಗ ಅದರ ರಚನೆ ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಖಡ್ಗ ಹೊಸದು, ದೈವದತ್ತ. ಎರಡರಲ್ಲಿಯೂ ಮೊದಲ ಪೆಟ್ಟು ಪರೀಕ್ಷೆಯ ಪೆಟ್ಟು. ಲಕ್ಷ್ಮಣನ ಪೆಟ್ಟು ಬಿದ್ದದ್ದು ಸಚಿತ್ತವಾದ ಬಿದಿರಿನ ಮೇಲೆ, ಒಳಗೇನಿದೆಯೆಂದು ನೋಡದೆ. ಮಾಧವನ ಪೆಟ್ಟು ಬಿದ್ದದ್ದು ಗಣಿಯಿಂದ ಬಿಡಿಸಿ ಕಡೆದು ನಿಲ್ಲಿಸಿದ ಅಚಿತ್ತವಾದ ಕಂಬದ ಮೇಲೆ, ಗುರುವಿನ ಕಣ್ಣೆದುರಿನಲ್ಲಿ. ಒಬ್ಬನ ಹಿಂದೆ ಕುತೂಹಲ, ಇನ್ನೊಬ್ಬನ ಹಿಂದೆ ನಿಯಮ. ಶಾಸನಕವಿ ಈ ತಾರತಮ್ಯವನ್ನು ಉದ್ದೇಶಿಸಿದನೆಂದು ಸಾಧಿಸಬೇಕಾಗಿಲ್ಲ. ಸಚಿತ್ತಾಚಿತ್ತ ವಿವೇಕದಲ್ಲಿ ಬೆಳೆದ ಶ್ರೋತೃವಿಗೆ ಅದು ಹೊಳೆಯದೆ ಇರುತ್ತಿರಲಿಲ್ಲ ಎಂದರೆ ಸಾಕು. ಪಿಂಛಧ್ವಜದ ಸಂಗತಿ ಇನ್ನೂ ಮಹತ್ತ್ವದ್ದು. ಕೂರುವ ನೆಲದ ಮೇಲಿನ ಸೂಕ್ಷ್ಮಜೀವಿಗೂ ನೋವಾಗದಂತೆ ಗುಡಿಸುವ ಸಂಯಮೋಪಕರಣ ಸೈನ್ಯದ ಮುಂದೆ ಹಾರಾಡಬೇಕು. ಖಡ್ಗವೆತ್ತಿದ ಕೈಯ ಎದುರಿಗೆ ಅದು ಸದಾ ಕಾಣುತ್ತಿರಬೇಕು.

5. ಎರಡು ಆಕ್ಷೇಪಗಳು

ಸಿಂಹನಂದಿಯ ಕಥೆ ಘಟನೆಗೆ ಶತಮಾನಗಳ ಅನಂತರದ ದಾಖಲೆಗಳಲ್ಲಿ ವಿಸ್ತಾರವಾಗಿ ಬರುವುದರಿಂದ ಇತಿಹಾಸಕ್ಕೆ ಪ್ರಮಾಣವಲ್ಲವೆಂದು ಒಂದು ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟು. ಆದರೆ ಪ್ರಕೃತ ವಿಚಾರಕ್ಕೆ ಅದು ಬಾಧಕವಲ್ಲ. 12ನೆಯ ಶತಮಾನದ ಜೈನಸಮಾಜ ಖಡ್ಗಗ್ರಹಣವನ್ನು ಹೇಗೆ ಗ್ರಹಿಸಿತೆಂಬುದಕ್ಕೆ ಆ ಶಾಸನವೇ ಪ್ರತ್ಯಕ್ಷ ಪ್ರಮಾಣ.

ಎರಡನೆಯ ಆಕ್ಷೇಪ ಪಂಡಿತರದು: ಮಹಾವ್ರತಿಯಾದ ಆಚಾರ್ಯರು ಆಯುಧ ಕೊಡಿಸಿದರೆನ್ನುವುದು ಅನುಚಿತ, ಆದ್ದರಿಂದ ಎಲ್ಲವೂ ರೂಪಕವೆಂದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿ (1129) ಇವರಿಗೆ ಆಧಾರ. ಘಾತಿಕರ್ಮಗಳೆಂಬ ಶಿಲಾಸ್ತಂಭಗಳನ್ನು ಕಡಿಯುವ ಅರ್ಹದ್ಧ್ಯಾನವೆಂಬ ಖಡ್ಗವನ್ನು ಸಿಂಹನಂದಿ ಮುನಿ ಶಿಷ್ಯನಿಗೂ ಅನುಗ್ರಹಿಸಿದನೆಂಬ ಭಾವ ಅಲ್ಲಿದೆ. ಆದರೆ ಪ್ರಶಸ್ತಿಯ ವಾಕ್ಯರಚನೆಯನ್ನು ಗಮನಿಸಬೇಕು. ಹಾಗೆ ಅನುಗ್ರಹಿಸದಿದ್ದರೆ ರಾಜ್ಯಲಕ್ಷ್ಮಿಯ ದಾರಿಗೆ ಅಡ್ಡವಾದ ಕಲ್ಲುಕಂಬವನ್ನು ಶಿಷ್ಯನು ತನ್ನ ಕತ್ತಿಯಿಂದ ಕಡಿಯುವುದು ಹೇಗೆ ಸಾಧ್ಯವಾಗುತ್ತಿತ್ತು ಎಂದು ಕವಿ ಕೇಳುತ್ತಾನೆ. ಕಬ್ಬಿಣದ ಕತ್ತಿಯನ್ನು ಅವನು ಅಳಿಸಿಲ್ಲ. ಅದರ ಹಿಂದೆ ಇನ್ನೊಂದು ಕತ್ತಿಯಿರಬೇಕೆಂದಿದ್ದಾನೆ. ಎಲ್ಲವನ್ನೂ ರೂಪಕವಾಗಿಸಿದರೆ ಮಾರಸಿಂಹ, ಚಾವುಂಡರಾಯರಂತಹ ರಣಧೀರ ಶ್ರಾವಕರ ಬದುಕಿಗೆ ಶಾಸ್ತ್ರದಲ್ಲಿ ಉತ್ತರವಿಲ್ಲದಂತಾಗುತ್ತದೆ. ಅನೇಕ ಯುದ್ಧಗಳನ್ನು ಗೆದ್ದ ಮಾರಸಿಂಹನು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡನು. ಅವನು ಹಿಡಿದ ಕತ್ತಿಯೂ ನಿಜ, ಕೆಳಗಿಟ್ಟದ್ದೂ ನಿಜ.

ಹಿಂಸಾದಾನದ ದೋಷಕ್ಕೆ ಉತ್ತರ ಕಲ್ಲೂರುಗುಡ್ಡದ ಶಾಸನದಲ್ಲಿಯೇ ದೊರೆಯುತ್ತದೆ. ಅನರ್ಥದಂಡದಲ್ಲಿ ‘ಅನರ್ಥ’ ಎಂಬ ಪದವೇ ಮುಖ್ಯ. ಪ್ರಯೋಜನವನ್ನೂ ಮಿತಿಯನ್ನೂ ನಿಯಮಿಸದೆ ಕೊಟ್ಟ ಆಯುಧ ಅನರ್ಥ. ಆಚಾರ್ಯರು ಕಟ್ಟಳೆಯನ್ನು ಖಡ್ಗದೊಡನೆ ಬಿಗಿದು, ಮೀರಿದರೆ ಕುಲಕ್ಷಯವೆಂದರು. ಮುನಿಧರ್ಮದ ಕೃತ–ಕಾರಿತ–ಅನುಮೋದನೆಗಳ ಪ್ರಶ್ನೆ ಇದರಿಂದ ಪೂರ್ತಿಯಾಗಿ ತೀರುವುದಿಲ್ಲ ಎಂಬುದನ್ನು ಒಪ್ಪಬೇಕು. ಶಾಸನಕವಿ ದಾನವನ್ನು ಶಾಸನದೇವತೆಯ ವರದ ಮೇಲೆ ನಿಲ್ಲಿಸಿರುವುದು ಆ ಸಂಕೋಚದ ಗುರುತಾಗಿರಬಹುದು.

ಇದು ಗ್ರಂಥಕ್ಕಷ್ಟೇ ಸೀಮಿತವಾದ ಚರ್ಚೆಯಲ್ಲ. ಗಂಗವಾಡಿಯ ಅದೇ ನೆಲದ ವಿಮಾನಪುರದಲ್ಲಿ 1940ರಿಂದ ವಿಮಾನ ಕಾರ್ಖಾನೆ ನಡೆದುಬಂದಿದೆ; ಯುದ್ಧವಿಮಾನಗಳ ನಿರ್ಮಾಣವೂ ಅಲ್ಲಿ ಸಾವಿರಾರು ಕುಟುಂಬಗಳಿಗೆ ಜೀವನೋಪಾಯವಾಗಿದೆ. ಅಸಿಕರ್ಮಕ್ಕೂ ಹಿಂಸಾದಾನಕ್ಕೂ ನಡುವಣ ಗೆರೆ ಎಲ್ಲಿದೆಯೆಂದು ಇಂದಿನ ಶ್ರಾವಕನು ಕೇಳಿದರೆ ಪಂಡಿತನು ರೂಪಕದ ಮರೆಗೆ ಸರಿಯಲಾಗದು. ಆಯುಧ ಯಾರದೆಂಬುದನ್ನು ಅದಕ್ಕಿಟ್ಟ ಹೆಸರಾಗಲಿ ಅದಕ್ಕಾಗಿ ಮಾಡಿದ ತಪಸ್ಸಾಗಲಿ ನಿರ್ಣಯಿಸುವುದಿಲ್ಲ. ಬೀಸುವ ಮುನ್ನ ಎದುರಿಗೇನಿದೆಯೆಂದು ನೋಡುವ ಅಪ್ರಮಾದವೂ, ಕೈಯನ್ನು ಕಟ್ಟುವ ವ್ರತವೂ ನಿರ್ಣಯಿಸುತ್ತವೆ. ಶಂಬೂಕನ ಬಿದಿರು ಮೆಳೆಯನ್ನೂ ಮಾಧವನ ಕಲ್ಲುಕಂಬವನ್ನೂ ಒಟ್ಟಿಗೆ ಓದಿದಾಗ ಪೂರ್ವಾಚಾರ್ಯರ ಈ ಅಭಿಪ್ರಾಯ ಸಂದೇಹಕ್ಕೆಡೆಯಿಲ್ಲದಂತೆ ತೋರುತ್ತದೆ. ಈ ಪ್ರಸಂಗಗಳ ಓಲೆಪ್ರತಿಗಳನ್ನು ಮುಂದೆ ಸಂಪಾದಿಸುವವರು ಇವುಗಳನ್ನು ವರ್ಣನಾಂಗಗಳೆಂದು ಬಿಟ್ಟುಬಿಡದೆ ಆಚಾರಗ್ರಂಥಗಳೊಡನೆ ತೂಗಿನೋಡುವುದು ಅಗತ್ಯ.