ಹಿಟ್ಟಿನ ಕೋಳಿಯೂ ಕಣ್ಣಿಗೆ ಕಟ್ಟುವ ಯಂತ್ರವೂ

ಕವಿಚಕ್ರವರ್ತಿ ಜನ್ನನು ಕ್ರಿ.ಶ. ೧೨೦೯ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಸಂಕಲ್ಪಹಿಂಸೆಯ ದೃಷ್ಟಾಂತವೆಂದು ಪಾಠಶಾಲೆಗಳಲ್ಲಿ ಹೇಳಿಕೊಡುವುದು ರೂಢಿ. ಹಿಟ್ಟಿನ ಕೋಳಿಯನ್ನು ಕಡಿದೊಡನೆ ಅದು ಕೂಗಿತು; ಯಶೋಧರನೂ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಈ ಕಾವ್ಯವನ್ನು ಮತ್ತೆ ತೆರೆದು ನೋಡಲು ಈಗ ಹೊಸದೊಂದು ಕಾರಣ ಒದಗಿದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ರೌಂಡ್ ಮಿಡ್‌ನೈಟ್ ಎಂಬ ಸಂಸ್ಥೆಯು ಹದಿಹರೆಯದವರಲ್ಲಿ ಚೂರಿ ಹಿಡಿಯುವ ಚಾಳಿಯನ್ನು ತಡೆಯಲು ವರ್ಚುವಲ್ ರಿಯಾಲಿಟಿಯ ಪಾಠವೊಂದನ್ನು ರೂಪಿಸಿದೆ. ವಿದ್ಯಾರ್ಥಿಯು ಕಣ್ಣಿಗೆ ಯಂತ್ರವನ್ನು ಕಟ್ಟಿಕೊಂಡಾಗ ಸುತ್ತಲೂ ಒಂದು ಲೋಕವೇ ತೆರೆದುಕೊಳ್ಳುತ್ತದೆ. ಗೆಳೆಯರ ಒತ್ತಾಯದ ನಡುವೆ ಅವನು ಒಂದೊಂದು ತೀರ್ಮಾನವನ್ನು ತಾನೇ ಕೈಗೊಳ್ಳಬೇಕು. ಬಳಿಕ ತರಗತಿಯಲ್ಲಿ ಅದರ ಚರ್ಚೆ ನಡೆಯುತ್ತದೆ.

ಇದು ದೂರದ ದೇಶದ ಮಾತೆಂದು ಉಪೇಕ್ಷಿಸುವಂತಿಲ್ಲ. ಹುಬ್ಬಳ್ಳಿಯಲ್ಲಿ ೨೦೨೪ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಬ್ಬರು ಯುವತಿಯರು ಚೂರಿ ಇರಿತಕ್ಕೆ ಬಲಿಯಾದರು, ಒಬ್ಬಳು ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಳು ತನ್ನ ಮನೆಯಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಅದೇ ಊರಿನಲ್ಲಿ ಸಣ್ಣ ಜಗಳವೊಂದು ಬೆಳೆದು, ಬಾಲಕನೊಬ್ಬನ ಚಾಕುವಿಗೆ ಅವನ ಗೆಳೆಯನೇ ಸತ್ತನು. ಅಡುಗೆಮನೆಯ ಚಾಕುವಿಗೆ ಯಾವ ಪರವಾನಗಿಯೂ ಬೇಕಿಲ್ಲ. ಕಾನೂನು ಅಲ್ಲಿಯವರೆಗೆ ಕೈಚಾಚಲಾರದು. ದೊಮ್ಮಲೂರಿನಲ್ಲಿ ಪ್ರಾಚೀನ ಚೊಕ್ಕನಾಥಸ್ವಾಮಿ ದೇವಾಲಯಕ್ಕೆ ಅನತಿದೂರದಲ್ಲೇ ಸಾಫ್ಟ್‌ವೇರ್ ಕಚೇರಿಗಳಿವೆ. ಅಲ್ಲಿ ದುಡಿಯುವವರ ಮನೆಗಳಿಗೆ ಇಂಥ ಯಂತ್ರವು ಆಟದ ಸಾಮಾನಾಗಿ ಬರುವುದು ಹೊಸತಲ್ಲ. ನಾಳೆ ಬಸದಿಯ ಪಾಠಶಾಲೆಗೂ ಒಂದಿರಲಿ ಎಂದು ಯಾವುದಾದರೂ ಟ್ರಸ್ಟ್ ಯೋಚಿಸಿದರೆ, ಜೈನ ವಿಚಾರಕ್ಕೆ ಅದು ಒಪ್ಪುವುದೇ?

ಒಪ್ಪದೆಂದು ಹೇಳುವವರಿಗೆ ಜನ್ನನೇ ಆಧಾರ. ಯಂತ್ರದೊಳಗಿನ ಶತ್ರುವೂ ಹಿಟ್ಟಿನ ಕೋಳಿಯೇ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ದ್ರವ್ಯಹಿಂಸೆ ಇಲ್ಲದಿದ್ದರೂ ಭಾವಹಿಂಸೆಗೆ ಬಂಧವುಂಟು. ಮಹಾಮತ್ಸ್ಯದ ಬಳಿಯಲ್ಲಿದ್ದು, ತಿನ್ನುವ ಆಲೋಚನೆಯಿಂದಲೇ ನರಕಕ್ಕಿಳಿದ ತಂದುಲಮತ್ಸ್ಯದ ಕಥೆಯನ್ನು ಅರಿಯದವರಾರು? ಏನಾಗುವುದೋ ನೋಡೋಣವೆಂಬ ಕುತೂಹಲದಿಂದ ಬಾಲಕನು ‘ಇರಿ’ ಎಂಬುದನ್ನೇ ಆರಿಸಿದರೆ ಆ ಕ್ಷಣದ ಪರಿಣಾಮವೇನು? ಈ ಆಕ್ಷೇಪವು ತೂಕವುಳ್ಳದ್ದು. ವಾಸ್ತವವಾಗಿ ಯಶೋಧರನ ಪತನದ ಬಗೆಯೇ ಹಾಗಿದೆ. ಅಮೃತಮತಿಯನ್ನು ಮಾವುತನೊಡನೆ ಕಂಡ ರಾತ್ರಿ ಅವನು ನಿಜವಾದ ಖಡ್ಗವನ್ನು ಹಿರಿದೂ ತನ್ನನ್ನು ತಾನೇ ತಡೆದುಕೊಂಡನು. ಅಷ್ಟು ದೊಡ್ಡ ಸಂಯಮವನ್ನು ಮೆರೆದವನು, ಇದು ಬರಿಯ ಹಿಟ್ಟು ತಾನೇ ಎಂಬಲ್ಲಿ ಜಾರಿದನು.

ಆದರೆ ಕಾವ್ಯವನ್ನು ಇಲ್ಲಿಗೇ ಮುಚ್ಚಿಬಿಡುವ ಓದುಗರು ಅದರ ಅರ್ಧವನ್ನು ಮಾತ್ರ ಓದಿದವರು. (ಅಮೃತಮತಿಯ ನಿಂದೆಯಲ್ಲೇ ಕಾಲ ಕಳೆಯುವ ಉಪನ್ಯಾಸಕರು ಅಷ್ಟನ್ನೂ ಓದಿರುವುದಿಲ್ಲ.) ಇಡೀ ಕಥೆ ನಡೆಯುವುದು ಚಂಡಮಾರಿಯ ಗುಡಿಯಲ್ಲಿ. ಬಲಿಗೆಂದು ಹಿಡಿದು ತಂದ ಎಳೆಯರಾದ ಅಭಯರುಚಿ, ಅಭಯಮತಿಯರ ಮುಂದೆ ಮಾರಿದತ್ತ ರಾಜನು ಕತ್ತಿ ಹಿಡಿದು ನಿಂತಿದ್ದಾನೆ. ಅಭಯರುಚಿ ತನ್ನ ಹಿಂದಿನ ಭವಗಳನ್ನು ಹೇಳುತ್ತಾನೆ. ಕಡಿದವನೇ ನವಿಲಾಗಿ, ಮೀನಾಗಿ, ಆಡಾಗಿ, ಕಟ್ಟಕಡೆಗೆ ಕೋಳಿಯಾಗಿ ಸಾಯುತ್ತಾನೆ. ಆ ಕೋಳಿಗೆ ತಗಲಿದ ಬಾಣವೂ ಸ್ವಂತ ಮಗನದು. ಕೇಳುತ್ತ ಕೇಳುತ್ತ ಮಾರಿದತ್ತನು ತಾನು ಪಡದ ನೋವನ್ನು ಪಟ್ಟವನಂತಾಗಿ ಹಿಂಸೆಯನ್ನು ತೊರೆಯುತ್ತಾನೆ. ಇಲ್ಲದ ಅನುಭವವನ್ನು ಇದ್ದಂತೆ ಮಾಡಿಯೇ ಜನ್ನನು ಇಬ್ಬರು ಎಳೆಯರ ಪ್ರಾಣವನ್ನು ಉಳಿಸುತ್ತಾನೆ.

ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ (೧೯೮೦) ಭವಾವಳಿಯನ್ನು ಬಿಟ್ಟು, ರಾಜ, ರಾಣಿ, ರಾಜಮಾತೆ, ಮಾವುತ ಈ ನಾಲ್ವರನ್ನು ಮಾತ್ರ ಉಳಿಸಿಕೊಂಡರು. ನಾಟಕವಾಗಿ ಅದು ಬಿಗಿಯಾದ ಕೃತಿ. ಆದರೆ ಏಟು ತಿಂದ ಜೀವದ ಕಡೆಯಿಂದ ನೋಡುವ ದಾರಿ ಅಲ್ಲಿ ಮುಚ್ಚಿಹೋಯಿತು. ವರ್ಚುವಲ್ ರಿಯಾಲಿಟಿಯ ಪಾಠವನ್ನೂ ಇದೇ ಒರೆಗೆ ಹಚ್ಚಿ ನೋಡಬೇಕು. ಯಂತ್ರವು ಬಾಲಕನನ್ನು ಯಾರ ಕಣ್ಣಿನೊಳಗೆ ಕೂರಿಸುತ್ತದೆ? ಚೂರಿ ಹಿಡಿದವನ ಕಣ್ಣಿನಿಂದ ಮಾತ್ರ ತೋರಿಸಿ ಅಲ್ಲಿಗೇ ನಿಲ್ಲಿಸಿದರೆ ಅದು ಹಿಟ್ಟಿನ ಕೋಳಿಯೇ ಸರಿ. ಇರಿತಕ್ಕೊಳಗಾದವನ, ಆಸ್ಪತ್ರೆಯ ಬಾಗಿಲಲ್ಲಿ ನಿಂತ ತಾಯಿಯ ಕಣ್ಣಿನವರೆಗೂ ಒಯ್ದರೆ ಅದು ಅಭಯರುಚಿಯ ಕಥನಕ್ಕೆ ಹತ್ತಿರವಾದೀತು.

ಇಷ್ಟಾಗಿಯೂ ಯಂತ್ರಕ್ಕೆ ಇಲ್ಲದ್ದೊಂದು ಅಭಯರುಚಿಗೆ ಇತ್ತು: ಅವನು ಎದುರಿಗೆ ನಿಂತಿದ್ದನು. ಸ್ಕಾಟ್ಲೆಂಡಿನಲ್ಲಿ ೨೦೦೮ರಲ್ಲಿ ಶಸ್ತ್ರವೈದ್ಯರು ಸ್ಥಾಪಿಸಿದ ಮೆಡಿಕ್ಸ್ ಎಗೇನ್ಸ್ಟ್ ವಯೊಲೆನ್ಸ್ ಎಂಬ ಸಂಸ್ಥೆಯ ವೈದ್ಯರು ಶಾಲೆಗಳಿಗೆ ತಾವೇ ಹೋಗಿ, ಇರಿತದ ಗಾಯಗಳು ಬದುಕನ್ನು ಏನು ಮಾಡುತ್ತವೆಂಬುದನ್ನು ಮಕ್ಕಳೊಡನೆ ಮಾತಾಡುತ್ತಾರೆ. ಅದಕ್ಕೆ ಯಂತ್ರದ ಖರ್ಚಿಲ್ಲ. ಯಂತ್ರವನ್ನೇ ಕೊಳ್ಳುವುದಾದರೆ, ಅದನ್ನು ಬಿಚ್ಚಿಟ್ಟ ಮೇಲೆ ಬಾಲಕನ ಎದುರು ಕುಳಿತು ಮಾತಾಡುವವರು ಯಾರೆಂಬುದನ್ನು ಟ್ರಸ್ಟಿನವರು ಖರೀದಿಯ ಠರಾವಿಗೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.