ಮುಗಿಯದ ಪ್ರಯೋಗದ ಮಾರಾಟ

ಬೆನ್ನುಹುರಿಗೆ ಪೆಟ್ಟಾಗಿ ಮಲಗಿದವರ ಮನೆಗೆ ಹೋದರೆ ಕೇಳಿ ಬರುವುದು ಒಂದೇ ಮಾತು: ಮತ್ತೆ ನಡೆಯುವುದು ಸಾಧ್ಯವೇ? ಮರದಿಂದ ಬಿದ್ದವರಿರಲಿ, ಬೈಕ್ ಅಪಘಾತಕ್ಕೆ ಸಿಕ್ಕವರಿರಲಿ, ಈ ಮಾತು ಬದಲಾಗುವುದಿಲ್ಲ. ತುಂಡಾದ ನರತಂತುಗಳನ್ನು ಮತ್ತೆ ಬೆಸೆಯುವ ವಿದ್ಯೆ ವೈದ್ಯವಿಜ್ಞಾನದ ಕೈಗೆ ಇನ್ನೂ ಬಂದಿಲ್ಲ. ಎರಡು ದಶಕಗಳಿಂದ ಈ ಕತ್ತಲಲ್ಲಿ ದೊಡ್ಡ ಬೆಳಕೆಂದು ತೋರಿಸಲಾಗುತ್ತಿರುವುದು ಆಕರಕೋಶವನ್ನು, ಅಂದರೆ ಜನ ಸ್ಟೆಮ್ ಸೆಲ್ ಎಂದು ಕರೆಯುವ ಜೀವಕೋಶವನ್ನು. ಆ ಭರವಸೆ ಸುಳ್ಳೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಪ್ರಯೋಗ ಎಂಬುದನ್ನು ಚಿಕಿತ್ಸೆ ಎಂಬ ಹೆಸರಿನಲ್ಲಿ ಮಾರುವುದು ನ್ಯಾಯವೇ ಎಂಬುದು ವಿಮರ್ಶೆಗೆ ಒಳಗಾಗಲೇಬೇಕು.

ಪ್ರಯೋಗವೆಂದರೆ ಉತ್ತರವಲ್ಲ, ಅದೊಂದು ಪ್ರಶ್ನೆ. ಅಮೆರಿಕದ ಜೆರಾನ್ ಕಂಪೆನಿಯ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಭ್ರೂಣದ ಆಕರಕೋಶದಿಂದ ತಯಾರಿಸಿದ ಕೋಶಗಳನ್ನು ಬೆನ್ನುಹುರಿಯ ಗಾಯಾಳುಗಳ ಮೇಲೆ ಪ್ರಯೋಗಿಸಲು ಅಲ್ಲಿನ ಸರಕಾರ 2009ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ವರ್ಷ, ಪ್ರಾಣಿಗಳಲ್ಲಿ ಸಣ್ಣ ನೀರ್ಗುಳ್ಳೆಗಳು ಕಂಡವೆಂದು ತಡೆಯನ್ನೂ ಹಾಕಿತು. ಕೊನೆಗೆ 2010ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದ ಶೆಫರ್ಡ್ ಸೆಂಟರಿನಲ್ಲಿ ಮೊದಲ ವ್ಯಕ್ತಿಗೆ ಸುಮಾರು 20 ಲಕ್ಷ ಕೋಶಗಳನ್ನು ಚುಚ್ಚಲಾಯಿತು. ಜಗತ್ತಿನಾದ್ಯಂತ ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ಆದರೆ ಆ ಹಂತದಲ್ಲಿ ಕೇಳಿದ್ದು 'ಇದರಿಂದ ನಡೆಯಬಹುದೇ' ಎಂದಲ್ಲ, 'ಇದರಿಂದ ಹಾನಿ ಇದೆಯೇ' ಎಂದು ಮಾತ್ರ.

ಒಂದೇ ವರ್ಷದಲ್ಲಿ, 2011ರ ನವೆಂಬರ್‌ನಲ್ಲಿ, ಜೆರಾನ್ ಈ ಯೋಜನೆಯನ್ನು ಕೈಬಿಟ್ಟಿತು. ಕಾರಣ ವಿಜ್ಞಾನವಲ್ಲ, ಹಣ. ಕ್ಯಾನ್ಸರ್ ಔಷಧಗಳ ಕಡೆಗೆ ಬಂಡವಾಳ ತಿರುಗಿಸುವುದು ಅದಕ್ಕೆ ಲಾಭದಾಯಕವಾಗಿ ಕಂಡಿತು. ಮುಂದೆ ಬೇರೆ ಕಂಪೆನಿ ಅದೇ ಕೋಶಗಳನ್ನು ಕುತ್ತಿಗೆಯ ಭಾಗದಲ್ಲಿ ಪೆಟ್ಟಾದ 25 ಮಂದಿಯ ಮೇಲೆ ಪರೀಕ್ಷಿಸಿತು. ಜೆರಾನ್‌ನ ಪ್ರಯೋಗಕ್ಕೆ ಒಳಗಾದ ಐವರ ಹತ್ತು ವರ್ಷಗಳ ವರದಿ ಪ್ರಕಟವಾದದ್ದು 2022ರಲ್ಲಿ. ಕೋಶಗಳಿಂದ ಗಂಭೀರ ಹಾನಿಯಾಗಿರಲಿಲ್ಲ. ಹೇಳಿಕೊಳ್ಳುವಂತಹ ಚೇತರಿಕೆಯೂ ಆಗಿರಲಿಲ್ಲ. ಆ ಐವರು ತಮ್ಮ ದೇಹವನ್ನು ಅಮಾನತ್ತಾಗಿ ಒಪ್ಪಿಸಿದ್ದರು. ಶೇರುಪೇಟೆಯ ಲೆಕ್ಕಾಚಾರ ಅಮಾನತ್ತಿನ ಭಾಷೆಯನ್ನು ಬಲ್ಲುದೇ?

ಹಣವಿಲ್ಲವೆಂದು ಪ್ರಶ್ನೆಯನ್ನು ಅರ್ಧದಲ್ಲಿ ಬಿಡುವುದು ಒಂದು ಬಗೆಯ ಅನ್ಯಾಯ. ಉತ್ತರ ಬರುವ ಮೊದಲೇ ಬೆಲೆ ಕಟ್ಟುವುದು ಇನ್ನೊಂದು ಬಗೆ. ಇದಕ್ಕೆ ಜಪಾನ್ ಉದಾಹರಣೆ. ಚಿಕಿತ್ಸೆ ಸುರಕ್ಷಿತವಾಗಿದ್ದು, ಫಲ ಕೊಡಬಹುದೆಂಬ ಊಹೆಗೆ ಆಧಾರವಿದ್ದರೆ ಸಾಕು, ಷರತ್ತಿನ ಮೇಲೆ ಮಾರಬಹುದು ಎಂಬ ಕಾನೂನು ಅಲ್ಲಿ 2014ರಲ್ಲಿ ಜಾರಿಗೆ ಬಂತು. ಅದರಡಿ 2018ರ ಡಿಸೆಂಬರ್‌ನಲ್ಲಿ ಬೆನ್ನುಹುರಿಯ ಗಾಯಕ್ಕೆಂದು 'ಸ್ಟೆಮಿರಾಕ್' ಎಂಬ ಚಿಕಿತ್ಸೆಗೆ ಏಳು ವರ್ಷಗಳ ಗಡುವಿನೊಂದಿಗೆ ಅನುಮತಿ ದೊರೆಯಿತು. ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ಬೆಳೆಸಿ ರಕ್ತನಾಳದ ಮೂಲಕ ಮರಳಿ ಕೊಡುವ ವಿಧಾನವಿದು. ಆಧಾರ ಕೇವಲ 13 ಮಂದಿಯ ಪ್ರಯೋಗ. ಬೆಲೆ ಸುಮಾರು ಒಂದೂವರೆ ಕೋಟಿ ಯೆನ್. ಅದರ ಬಹುಪಾಲು ಹೊರೆ ಬಿದ್ದದ್ದು ಸಾರ್ವಜನಿಕ ವಿಮೆಯ ಮೇಲೆ.

13ರಲ್ಲಿ 12 ಮಂದಿ ಸುಧಾರಿಸಿದರೆಂಬುದು ನಿಜ. ಹಾಗಾದರೆ ಆಕ್ಷೇಪವೇನು? ಬೆನ್ನುಹುರಿಯ ಗಾಯದಲ್ಲಿ ತಾನಾಗಿಯೇ ಆಗುವ ಚೇತರಿಕೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ. ಪೂರ್ಣ ಸಂವೇದನೆ ಕಳೆದುಕೊಂಡವರಲ್ಲೂ ಸುಮಾರು ಐವರಲ್ಲಿ ಒಬ್ಬರು ಯಾವುದೇ ಕೋಶವಿಲ್ಲದೆ ಒಂದು ಮೆಟ್ಟಿಲಾದರೂ ಮೇಲೇರುತ್ತಾರೆ. ಭಾಗಶಃ ಪೆಟ್ಟಾದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಸ್ಟೆಮಿರಾಕ್ ಕೊಟ್ಟದ್ದು ಈ ಆರಂಭದ ಅವಧಿಯಲ್ಲೇ. ಕೋಶ ಪಡೆಯದ ಇನ್ನೊಂದು ಗುಂಪನ್ನು ಪಕ್ಕದಲ್ಲಿ ಇಟ್ಟು ಹೋಲಿಸಲಿಲ್ಲ. ಚೇತರಿಕೆ ಕೋಶದಿಂದ ಬಂತೋ, ವ್ಯಾಯಾಮದಿಂದ ಬಂತೋ, ಪ್ರಕೃತಿಯಿಂದ ಬಂತೋ ಎಂದು ಹೇಳುವುದು ಹೇಗೆ? ನೇಚರ್ ಪತ್ರಿಕೆ 2019ರ ಆರಂಭದಲ್ಲೇ ಈ ನಡೆಯನ್ನು ಕಟುವಾಗಿ ಟೀಕಿಸಿತ್ತು.

ಹೋಲಿಕೆಯ ಗುಂಪು ಪಾಶ್ಚಾತ್ಯರ ಹೊಸ ಹಟವೇನೂ ಅಲ್ಲ. ಸುಮಾರು 1,100 ವರ್ಷಗಳ ಹಿಂದೆ ವೈದ್ಯ ಅಲ್ ರಾಝಿ ಮಿದುಳಿನ ಪೊರೆಯ ಉರಿಯೂತದ ಲಕ್ಷಣಗಳಿದ್ದ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಕೊಟ್ಟು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು ಫಲವನ್ನು ಹೋಲಿಸಿದ್ದನ್ನು ಬರೆದಿಟ್ಟಿದ್ದಾರೆ. ಅವರ ಚಿಕಿತ್ಸೆ ಇಂದು ಸಲ್ಲದು, ಆದರೆ ಅವರ ಪ್ರಾಮಾಣಿಕತೆ ಇಂದಿಗೂ ಸಲ್ಲುತ್ತದೆ.

'ಸಾಯುವವನಿಗೆ, ಮಲಗಿದವನಿಗೆ ಕಾಯಲು ಸಮಯವಿಲ್ಲ' ಎಂಬುದು ಎದುರು ವಾದ. ಇದನ್ನು ತಳ್ಳಿಹಾಕುವುದು ಕ್ರೌರ್ಯವಾದೀತು. ಆದರೆ ಅವಸರಕ್ಕೂ ಒಂದು ಬೆಲೆಯಿದೆ. ಮೂಗಿನ ಒಳಪೊರೆಯ ಕೋಶಗಳನ್ನು ಬೆನ್ನುಹುರಿಗೆ ಕಸಿ ಮಾಡಿಸಿಕೊಂಡ ಒಬ್ಬ ಯುವತಿಗೆ ಎಂಟು ವರ್ಷಗಳ ನಂತರ ಅದೇ ಜಾಗದಲ್ಲಿ ಲೋಳೆ ಸ್ರವಿಸುವ ಗಡ್ಡೆ ಬೆಳೆದದ್ದು 2014ರಲ್ಲಿ ವರದಿಯಾಗಿದೆ. ಜಪಾನಿನ ಅದೇ ಕಾನೂನಿನಡಿ 2015ರಲ್ಲಿ ಅನುಮತಿ ಪಡೆದ 'ಹಾರ್ಟ್‌ಶೀಟ್' ಎಂಬ ಹೃದಯ ಚಿಕಿತ್ಸೆ ಫಲಕಾರಿ ಎಂದು ಸಾಬೀತಾಗದೆ 2024ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಒಂಬತ್ತು ವರ್ಷ ರೋಗಿಗಳು ಪಡೆದದ್ದು ಚಿಕಿತ್ಸೆಯೋ, ಊಹೆಯೋ?

ಆಕರಕೋಶದ ಬಗ್ಗೆ ನಮ್ಮ ಧಾರ್ಮಿಕ ವಲಯದಲ್ಲಿ ಚರ್ಚೆ ನಡೆದಿಲ್ಲವೆಂದಲ್ಲ. 2003ರ ಡಿಸೆಂಬರ್‌ನಲ್ಲಿ ಮಕ್ಕಾದಲ್ಲಿ ಸೇರಿದ ಇಸ್ಲಾಮೀ ಫಿಕ್ಹ್ ಅಕಾಡೆಮಿ, ಕೃತಕ ಗರ್ಭಧಾರಣೆಯಲ್ಲಿ ಉಳಿದ ಭ್ರೂಣಗಳ ಕೋಶಗಳನ್ನು ದಂಪತಿಗಳು ದಾನ ಮಾಡಿದರೆ ಷರತ್ತುಗಳೊಂದಿಗೆ ಬಳಸಬಹುದೆಂದು ತೀರ್ಮಾನಿಸಿತು. ಆದರೆ ಚರ್ಚೆ ಹೆಚ್ಚಾಗಿ 'ಕೋಶ ಎಲ್ಲಿಂದ ಬಂತು' ಎಂಬಲ್ಲಿಗೇ ನಿಂತಿತು. ಅದನ್ನು ಯಾರಿಗೆ, ಯಾವ ಭರವಸೆ ಕೊಟ್ಟು, ಎಷ್ಟಕ್ಕೆ ಮಾರಲಾಗುತ್ತಿದೆ ಎಂಬುದು ಅಷ್ಟೇ ಮುಖ್ಯವಾದ ಶರೀಅತ್ ಪ್ರಶ್ನೆ. ನೀರಿನೊಳಗಿನ ಮೀನನ್ನು, ಆಕಾಶದಲ್ಲಿರುವ ಹಕ್ಕಿಯನ್ನು ಹಿಡಿಯುವ ಮೊದಲೇ ಮಾರುವುದನ್ನು ಕರ್ಮಶಾಸ್ತ್ರ 'ಗರರ್' ಎಂದು ಕರೆದು ತಡೆದಿದೆ. ವೈದ್ಯ ತನ್ನ ಶ್ರಮಕ್ಕೆ ಪ್ರತಿಫಲ ಪಡೆಯುವುದು ಬೇರೆ. ಕೈಗೆ ಸಿಗದ ಫಲವನ್ನು ತೋರಿಸಿ ಮನೆಯವರ ಜಮೀನು, ಒಡವೆ ಮಾರಿಸುವುದು ಬೇರೆ. ಪ್ರತಿ ರೋಗಕ್ಕೂ ಮದ್ದಿದೆ ಎಂಬ ಪ್ರವಾದಿವರ್ಯರ (ಸ) ಬೋಧನೆ ಹುಡುಕಾಟಕ್ಕೆ ಪ್ರೇರಣೆಯೇ ಹೊರತು ಸಿಗದ ಮದ್ದನ್ನು ಮಾರಲು ಪರವಾನಗಿಯಲ್ಲ.

ಭಾರತದಲ್ಲಿ ಈ ವ್ಯತ್ಯಾಸವನ್ನು ಒಂದು ಶಬ್ದವೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಹೊರತಂದ ಮಾರ್ಗಸೂಚಿಯ ಹೆಸರಿನಲ್ಲಿ ಆಕರಕೋಶ 'ಸಂಶೋಧನೆ' ಮತ್ತು 'ಚಿಕಿತ್ಸೆ' ಎರಡೂ ಇದ್ದವು. 2013ರ ಪರಿಷ್ಕರಣೆಯಲ್ಲಿ 'ಚಿಕಿತ್ಸೆ' ಎಂಬ ಪದವನ್ನು ಉದ್ದೇಶಪೂರ್ವಕವಾಗಿ ಕೈಬಿಡಲಾಯಿತು. ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗವೇ ಎಂಬುದು ಅದರ ಅರ್ಥ. ಮಂಡಳಿ ಕೈಬಿಟ್ಟ ಆ ಪದವನ್ನು ಜಾಹೀರಾತುಗಳು ಮಾತ್ರ ಬಿಡಲಿಲ್ಲ.

ಇದೆಲ್ಲದರ ನಡುವೆ ಸಂಯಮದ ಮಾದರಿಯೂ ಜಪಾನಿನಲ್ಲೇ ಇದೆ. ಟೋಕಿಯೋದ ಕಿಯೋ ವಿಶ್ವವಿದ್ಯಾಲಯ 2021ರ ಡಿಸೆಂಬರ್‌ನಿಂದ ನಾಲ್ವರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶವನ್ನು 2025ರ ಮಾರ್ಚ್‌ನಲ್ಲಿ ತಿಳಿಸಿತು. ಒಬ್ಬರು ಎದ್ದು ನಿಲ್ಲುವಂತಾದರು, ಇನ್ನೊಬ್ಬರಿಗೆ ಸ್ವಲ್ಪ ಚಲನೆ ಮರಳಿತು, ಉಳಿದಿಬ್ಬರಲ್ಲಿ ಹೆಚ್ಚಿನ ಬದಲಾವಣೆಯಿಲ್ಲ. ನಾಲ್ವರ ಲೆಕ್ಕವನ್ನೂ ಅವರು ಮುಂದಿಟ್ಟರು. ಸುದ್ದಿಯಾದದ್ದು ಎದ್ದು ನಿಂತವರು ಮಾತ್ರ. ಏಳದೆ ಉಳಿದವರ ಲೆಕ್ಕವನ್ನೂ ಕೇಳುವ ಅಭ್ಯಾಸ ಓದುಗರಿಗೆ, ಪತ್ರಕರ್ತರಿಗೆ, ಊರಿನ ಜಮಾಅತ್‌ಗಳಿಗೆ ಬರಬೇಕು. ಚಿಕಿತ್ಸೆಗೆಂದು ದೇಣಿಗೆ ಸಂಗ್ರಹಿಸುವ ಮುನ್ನ ಇದು ನೋಂದಾಯಿತ ಪ್ರಯೋಗವೇ, ಪ್ರಯೋಗವಾದರೆ ಹಣವೇಕೆ, ಹೋಲಿಕೆಯ ಗುಂಪು ಎಲ್ಲಿದೆ ಎಂದು ಕೇಳಿದರೆ ರೋಗಿಯ ಆಸೆಗೆ ತಣ್ಣೀರು ಎರಚಿದಂತಾಗುವುದಿಲ್ಲ. ಆ ಹಣ ಗಾಲಿಕುರ್ಚಿಗೆ, ಫಿಸಿಯೋಥೆರಪಿಗೆ, ಬೆನ್ನಿನ ಹುಣ್ಣು ತಡೆಯುವ ಹಾಸಿಗೆಗೆ ಉಳಿದೀತು.