ಹೆಸರಿನ ಅಂಗಗಳು: ನಾಮಾನುಕ್ರಮಣಿಯ ಬಗೆಗೆ ಒಂದು ವಿಮರ್ಶೆ

ಗ್ರಂಥಸೂಚಿಗಳನ್ನೂ ಸಾಹಿತ್ಯಚರಿತ್ರೆಗಳ ಕೊನೆಯ ನಾಮಾನುಕ್ರಮಣಿಗಳನ್ನೂ ಸಿದ್ಧಪಡಿಸುವಾಗ ಇಂಗ್ಲಿಷರ ಪದ್ಧತಿಯನ್ನು ಹೆಚ್ಚು ವಿಚಾರಮಾಡದೆ ಅನುಸರಿಸುವುದುಂಟು. ಹೆಸರಿನ ಮೊದಲ ಮಾತು ವ್ಯಕ್ತಿಯದು, ಕಡೆಯ ಮಾತು ಮನೆತನದ್ದು ಎಂಬುದು ಆ ಪದ್ಧತಿಯ ತಳಹದಿ. ಕನ್ನಡನಾಡಿನ ಹೆಸರುಗಳಿಗೆ ಇದು ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ದೂರ ಹೋಗಬೇಕಾದುದಿಲ್ಲ; ಮೊದಲಿಗೆ ಚನ್ನಪಟ್ಟಣದ ಸೀಮೆಯೇ ಸಾಕು.

ಚನ್ನಪಟ್ಟಣದಿಂದ ರಾಮನಗರಕ್ಕೆ ಹೋಗುವ ದಾರಿಯಲ್ಲಿ ಕೆಂಗಲ್ ಎಂಬ ಸ್ಥಳವಿದೆ. ಅಲ್ಲಿಯ ಆಂಜನೇಯನ ದೇವಾಲಯವು ಪ್ರಸಿದ್ಧವಾದುದು. 1952ರಿಂದ 1956ರವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ಜನಿಸಿದುದು 1908ರಲ್ಲಿ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ. ಇಂಗ್ಲಿಷ್ ಕ್ರಮದಿಂದ ಓದುವವನು ಕೆಂಗಲ್ ಎಂಬುದನ್ನು ಸ್ವಂತ ಹೆಸರೆಂದೂ ಹನುಮಂತಯ್ಯ ಎಂಬುದನ್ನು ಮನೆತನದ ಹೆಸರೆಂದೂ ಭಾವಿಸುವನು. ವಾಸ್ತವದಲ್ಲಿ ಮೊದಲನೆಯದು ಸ್ಥಳನಾಮ, ಎರಡನೆಯದೇ ಅಂಕಿತನಾಮ. ಹೆಸರಿಗೆ ಸೇರಿದ ಸ್ಥಳವು ಹುಟ್ಟಿದೂರೇ ಆಗಿರಬೇಕೆಂಬ ನಿಯಮವೂ ಇಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಅದೇ ಚನ್ನಪಟ್ಟಣದಲ್ಲಿ, ಟಿಪ್ಪುಸುಲ್ತಾನನು ತನ್ನ ಗುರುವಿಗಾಗಿ ಕಟ್ಟಿಸಿದನೆನ್ನುವ ಗೋರಿಯಿದೆ. ಆ ಗುರುವಿನ ಹೆಸರು ಅಕಿಲ್ ಷಾ ಖಾದ್ರಿ. ಅಕಿಲ್ ಎಂದರೆ ಅರಬ್ಬಿಯಲ್ಲಿ ಬುದ್ಧಿವಂತನು. ಷಾ ಎಂಬುದು ಸೂಫಿಗಳಿಗೆ ಸಲ್ಲುವ ಗೌರವಪದ. ಖಾದ್ರಿ ಎಂಬುದು ಬಾಗ್ದಾದಿನಲ್ಲಿ 1166ರಲ್ಲಿ ಕಾಲವಾದ ಅಬ್ದುಲ್ ಖಾದಿರ್ ಜೀಲಾನಿಯವರ ಪರಂಪರೆಯ ಗುರುತು. ಕಡೆಯ ಮಾತು ಇಲ್ಲಿ ಮೂಲತಃ ಸೂಚಿಸುವುದು ಗುರುಸಂಬಂಧವನ್ನು. ಅರಬ್ಬಿಯ ಒಂದು ಅಕ್ಷರವನ್ನು 'ಖಾದ್ರಿ'ಯಲ್ಲಿ ಮಹಾಪ್ರಾಣವಾಗಿ ಬರೆಯುವುದು ನಮ್ಮ ರೂಢಿ. ಅದೇ ರೂಢಿಯಿಂದ 'ಅಖಿಲ್' ಎಂದು ಬರೆದರೆ, ಅರಬ್ಬಿಯ ಬುದ್ಧಿವಂತನು ಸಂಸ್ಕೃತದ 'ಸಮಸ್ತ'ವಾಗಿ ತೋರುವನು.

ಇನ್ನು ಸಾಹಿತಿಗಳ ಹೆಸರುಗಳನ್ನು ನೋಡೋಣ. ವಿಮರ್ಶೆಯಲ್ಲಿ ನಾವು ಮಾಸ್ತಿಯವರು, ಪುಟ್ಟಪ್ಪನವರು, ಬೇಂದ್ರೆಯವರು ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮಾಸ್ತಿ ಎಂಬುದು ಊರು, ಪುಟ್ಟಪ್ಪ ಎಂಬುದು ಅಂಕಿತನಾಮ, ಬೇಂದ್ರೆ ಎಂಬುದು ಅಡ್ಡಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಇಂಗ್ಲಿಷ್ ಕ್ರಮವು ಸರಿಹೋಗುವುದು. ಆದರೆ ಅದೇ ಕ್ರಮದಿಂದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೂ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರನ್ನೂ 'ಅಯ್ಯಂಗಾರ್' ಎಂಬ ಒಂದೇ ಶೀರ್ಷಿಕೆಯ ಕೆಳಗೆ ತಂದರೆ, ಅವರನ್ನು ಹುಡುಕುವ ವಿದ್ಯಾರ್ಥಿಗೆ ಪ್ರಯೋಜನವೇನು? ಜನರು ಅವರನ್ನು ಗುರುತಿಸುವ ಮಾತು ಹಿಂದೆ ಸರಿದು, ನೂರಾರು ಮಂದಿಗೆ ಸಾಧಾರಣವಾದ ಮಾತು ಮುಂದೆ ಬಂದಂತಾಯಿತು.

ಸಂಕ್ಷೇಪದ ಪ್ರಶ್ನೆಯೂ ಇದಕ್ಕೆ ಸೇರಿದುದೇ. ಕನ್ನಡದಲ್ಲಿ ಬರೆಯುವಾಗಲೂ ಊರು ಮತ್ತು ತಂದೆಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಸೂಚಿಸುವ ಅಭ್ಯಾಸ ಬೆಳೆದಿದೆ. ಇದರಿಂದ ಚನ್ನಪಟ್ಟಣವು 'ಸಿ.' ಆಗುವುದು, ಆ ಧ್ವನಿಯೇ ಊರಿನ ಹೆಸರಿನಲ್ಲಿಲ್ಲ. ಕನಕಪುರ, ಕೆಂಗಲ್ ಎರಡೂ 'ಕೆ.', ಮಾಗಡಿ, ಮದ್ದೂರು, ಮಂಡ್ಯ ಮೂರೂ 'ಎಂ.'. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು 'ಕೆ. ವಿ.' ಆದಾಗ ಏನು ಉಳಿಯಿತು, 'ಕುವೆಂಪು' ಆದಾಗ ಏನು ಉಳಿಯಿತು ಎಂಬುದನ್ನು ಹೋಲಿಸಿ ನೋಡಬಹುದು. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯನವರ 'ತೀನಂಶ್ರೀ' ಎಂಬ ಸಂಕ್ಷೇಪದಲ್ಲಿ ಊರಿನ ತಕಾರವೂ ದೀರ್ಘಸ್ವರವೂ ಕೆಡದೆ ನಿಂತಿವೆ, 'ಟಿ. ಎನ್.' ಎಂಬಲ್ಲಿ ಎರಡೂ ಹೋದುವು.

ಸೂಚಿಗೆ ಏಕರೂಪತೆ ಬೇಡವೇ ಎಂದು ಕೆಲವರು ಆಕ್ಷೇಪಿಸಬಹುದು. ಬೇಕು, ಆದರೆ ಅದು ಸ್ಥಾನದ ಏಕರೂಪತೆಯಾಗದೆ ತತ್ತ್ವದ ಏಕರೂಪತೆಯಾಗಬೇಕು. ಅಡ್ಡಹೆಸರಿದ್ದಲ್ಲಿ ಅದರ ಕೆಳಗೆ, ಇಲ್ಲದಲ್ಲಿ ಅಂಕಿತನಾಮದ ಕೆಳಗೆ ಮುಖ್ಯ ನಮೂದನ್ನು ಕೊಟ್ಟು, ಪ್ರಸಿದ್ಧವಾದ ಊರಿನ ಹೆಸರಿನಿಂದಲೂ ಕಾವ್ಯನಾಮದಿಂದಲೂ ಅಲ್ಲಿಗೆ ದಾರಿ ತೋರಿಸತಕ್ಕದ್ದು. ಜಾತಿಸೂಚಕ ಪದವನ್ನೂ ಗೌರವಪದವನ್ನೂ ಶೀರ್ಷಿಕೆಯಾಗಿ ಮಾಡಕೂಡದು. ಸಂಕ್ಷೇಪವನ್ನು ಒಮ್ಮೆಯಾದರೂ ಬಿಡಿಸಿ ಬರೆಯಬೇಕು. ಪರಭಾಷೆಯ ಹೆಸರಾದರೆ, ಆ ಜನರಲ್ಲಿ ಯಾವ ಅಂಗಕ್ಕೆ ಯಾವ ಅರ್ಥವಿದೆಯೆಂಬುದನ್ನು ವಿಚಾರಿಸದೆ ವಿಭಜಿಸಬಾರದು.

ಶಾಲೆಯ ಪಟ್ಟಿಗಳಿಗೂ ಪಠ್ಯಪುಸ್ತಕಗಳಿಗೂ ಈ ಮಾತು ಸಲ್ಲುವುದು. ತಂದೆಯ ಹೆಸರನ್ನು ಅಡ್ಡಹೆಸರೆಂದು ಎಣಿಸಿ ಹುಡುಗನನ್ನು ಅದರಿಂದಲೇ ಕರೆದರೆ, ಕರೆದುದು ಬೇರೊಬ್ಬನನ್ನು. ಕವಿಯ ಮಾತಿಗೆ ಅರ್ಥ ಹೇಳುವ ವಿದ್ವಾಂಸನಿಗೆ ಕವಿಯ ಹೆಸರಿನ ಅರ್ಥವೂ ತಿಳಿದಿರಬೇಕಾದುದು ನ್ಯಾಯವಾಗಿದೆ.